ಶಾಲೆಯಿಂದ ಮನೆಗೆ ಬರುವ ಓಲೆ: ಅದರ ಶಬ್ದಶುದ್ಧಿ ಮತ್ತು ಅಸಂದೇಹ

ಶಾಲೆಯ ಉಪಾಧ್ಯಾಯರು ಮಕ್ಕಳ ತಂದೆತಾಯಿಗಳಿಗೆ ಬರೆದು ಕಳುಹಿಸುವ ಸೂಚನಾಪತ್ರಗಳನ್ನು ಸಾಹಿತ್ಯವೆಂದು ಯಾರೂ ಎಣಿಸುವುದಿಲ್ಲ. ಅವನ್ನು ಸಂಗ್ರಹಿಸಿಡುವವರೂ ಇಲ್ಲ. ಸಭೆಯ ದಿನ, ಶುಲ್ಕದ ಗಡುವು, ರಜೆಯ ಅವಧಿ, ಪ್ರವಾಸಕ್ಕೆ ಬೇಕಾದ ಒಪ್ಪಿಗೆ, ಇಷ್ಟನ್ನು ತಿಳಿಸಿ ಆ ಕಾಗದವು ತನ್ನ ಆಯುಸ್ಸನ್ನು ಮುಗಿಸುತ್ತದೆ. ಆದರೂ ಕರ್ನಾಟಕದ ಎಷ್ಟೋ ಮನೆಗಳಿಗೆ ವರ್ಷದುದ್ದಕ್ಕೂ ತಪ್ಪದೆ ಬರುವ ಬರೆದ ಕನ್ನಡವೆಂದರೆ ಇದೊಂದೇ. ಇವುಗಳಲ್ಲಿ ಕಾಣುವ ಅಕ್ಷರದೋಷಗಳನ್ನೂ ವ್ಯಾಕರಣದೋಷಗಳನ್ನೂ ಕುರಿತು ವಿದ್ವಾಂಸರು ಆಗಾಗ ಖೇದಪಡುವುದುಂಟು. ನಗುವುದು ಅದಕ್ಕಿಂತ ಹೆಚ್ಚು. ಆ ದೋಷಗಳೆಲ್ಲ ಒಂದೇ ಜಾತಿಯವೆ, ಅವುಗಳಲ್ಲಿ ಓದುವವರಿಗೆ ನಿಜವಾಗಿ ಹಾನಿಯನ್ನುಂಟುಮಾಡುವುವು ಯಾವುವು ಎಂಬ ವಿಚಾರ ಮಾತ್ರ ಸಾಕಷ್ಟು ನಡೆದಂತೆ ತೋರುವುದಿಲ್ಲ. ಅದನ್ನು ಇಲ್ಲಿ ಸ್ವಲ್ಪಮಟ್ಟಿಗೆ ಪರಾಮರ್ಶಿಸಿದೆ.

ಕನ್ನಡದಲ್ಲಿ ದೋಷಗಳ ಎಣಿಕೆ ಸುಲಭವಾದ ಕೆಲಸವಲ್ಲವೆಂಬುದು ಒಂಬತ್ತನೆಯ ಶತಮಾನದಲ್ಲಿಯೇ ತಿಳಿದಿದ್ದ ವಿಷಯ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನು ಇಷ್ಟೆಂದು ಅರಿಯಹೊರಟರೆ ವಾಸುಕಿಗೂ ಬೇಸರ ಬಂದೀತೆಂದು ಕವಿರಾಜಮಾರ್ಗಕಾರನು ಹೇಳಿದ್ದಾನೆ. ಸಾವಿರ ನಾಲಗೆಯುಳ್ಳವನಿಗೆ ಆಗದುದು ಒಂದು ನಾಲಗೆಯುಳ್ಳವನಿಗೆ ಆದೀತೆ? ಆದಕಾರಣ ಎಣಿಕೆಯನ್ನು ಬಿಟ್ಟು ಓದುವವರ ಕಡೆಯಿಂದ ವಿಷಯವನ್ನು ನೋಡುವುದು ಲೇಸು.

ಈ ಓಲೆಯನ್ನು ಓದುವವರು ಯಾರು? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 75.36 ಮಂದಿ ಅಕ್ಷರಸ್ಥರು. ಹೆಂಗಸರನ್ನು ಮಾತ್ರ ಎಣಿಸಿದರೆ ಆ ಸಂಖ್ಯೆ 68.08. ಅಕ್ಷರಸ್ಥರೆಂದು ಬರೆಸಿದವರಲ್ಲಿಯೂ ಒಂದೊಂದು ಅಕ್ಷರವನ್ನೂ ಕೂಡಿಸಿ ಕೂಡಿಸಿ ಓದುವವರು ಕಡಮೆಯಲ್ಲ. ಮನೆಯಲ್ಲಿ ಓದಬಲ್ಲವನು ಆ ಹುಡುಗನೊಬ್ಬನೇ ಆಗಿರುವ ಸಂದರ್ಭವೂ ಉಂಟು. ಆಗ ಓಲೆಯನ್ನು ತಂದ ದೂತನೇ ಅದರ ವ್ಯಾಖ್ಯಾನಕಾರನೂ ಆಗುತ್ತಾನೆ. ತನ್ನ ಮೇಲೆಯೇ ಬಂದಿರುವ ದೂರನ್ನು ತಾನೇ ಓದಿ ಅರ್ಥ ಹೇಳುವ ದೂತನ ವ್ಯಾಖ್ಯಾನ ಹೇಗಿದ್ದೀತೆಂಬುದನ್ನು ಉಪಾಧ್ಯಾಯರಿಗೆ ವಿವರಿಸಬೇಕಾಗಿಲ್ಲ.

ಇಷ್ಟೇ ಅಲ್ಲ. 2009ರ ಶಿಕ್ಷಣದ ಹಕ್ಕಿನ ಶಾಸನವು, ಅನುದಾನರಹಿತವಾದ ಖಾಸಗಿ ಶಾಲೆಗಳನ್ನುಳಿದು, ಮಿಕ್ಕ ಶಾಲೆಗಳ ಆಡಳಿತಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳು ಅಥವಾ ಪೋಷಕರೇ ಆಗಿರಬೇಕೆಂದು ವಿಧಿಸಿದೆ. ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬ ಹೆಸರಿನಿಂದ ಅದಕ್ಕೂ ಮೊದಲೇ ಇಂಥ ಸಮಿತಿಗಳು ಏರ್ಪಟ್ಟಿದ್ದುವು. ಹೀಗಿರುವಲ್ಲಿ ಶಾಲೆಯ ಓಲೆಯು ಬರಿಯ ಉಪಚಾರದ ಮಾತಲ್ಲ. ಅದು ಅರ್ಥವಾಗದಿದ್ದರೆ ಸಭೆಯಲ್ಲಿ ಒಂದು ಪೀಠ ಬರಿದಾಗುತ್ತದೆ. ಗಡುವು ಮೀರಿದರೆ ಒಂದು ಮಗುವಿನ ವಿದ್ಯಾರ್ಥಿವೇತನ ಹೋಗುತ್ತದೆ.

ವ್ಯಾಕರಣಾಧ್ಯಯನಕ್ಕೆ ಪ್ರಯೋಜನವೇನೆಂಬ ಪ್ರಶ್ನೆಗೆ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿ ಐದು ಉತ್ತರಗಳನ್ನು ಕೊಟ್ಟಿರುವುದು ಪ್ರಸಿದ್ಧವಾಗಿದೆ: ರಕ್ಷೆ, ಊಹ, ಆಗಮ, ಲಾಘವ, ಅಸಂದೇಹ. ಪಾಠಶಾಲೆಗಳಲ್ಲಿ ಮೊದಲಿನ ನಾಲ್ಕಕ್ಕೆ ವಿಸ್ತಾರವಾದ ವ್ಯಾಖ್ಯಾನ ನಡೆಯುತ್ತದೆ. ಐದನೆಯದು ಕೊನೆಯಲ್ಲಿ ಬರುವುದರಿಂದಲೋ ಏನೋ ಬೇಗ ಮುಗಿದುಹೋಗುತ್ತದೆ. ಪ್ರಕೃತಕ್ಕೆ ಬೇಕಾದುದು ಆ ಐದನೆಯದೇ. ಯಜ್ಞದಲ್ಲಿ ವಿನಿಯೋಗಿಸಬೇಕಾದ ಹಸುವನ್ನು ಸ್ಥೂಲಪೃಷತೀ ಎಂದು ಹೇಳಿದೆ. ದೊಡ್ಡದೂ ಚುಕ್ಕೆಗಳುಳ್ಳದೂ ಆದ ಹಸುವೆ? ಅಥವಾ ದೊಡ್ಡ ದೊಡ್ಡ ಚುಕ್ಕೆಗಳುಳ್ಳ ಹಸುವೆ? ಸಮಾಸದ ಬಗೆಯನ್ನು ಸ್ವರದಿಂದ ತಿಳಿಯಬಲ್ಲವನಿಗೆ ಮಾತ್ರ ಸಂದೇಹ ಹೋಗುತ್ತದೆ. ಇಲ್ಲಿ ಶಬ್ದದಲ್ಲಿ ದೋಷವೇನೂ ಇಲ್ಲವೆಂಬುದನ್ನು ಗಮನಿಸಬೇಕು. ಶುದ್ಧವಾದ ಶಬ್ದವೂ ಸಂದೇಹವನ್ನು ಹುಟ್ಟಿಸಬಹುದು. ಹಾಗೆಯೇ ಅಶುದ್ಧವಾದ ಶಬ್ದವು ಸಂದೇಹವನ್ನು ಹುಟ್ಟಿಸದೆಯೂ ಇರಬಹುದು. ಶಾಲೆಯ ಓಲೆಗಳನ್ನು ಪರೀಕ್ಷಿಸುವುದಕ್ಕೆ ಈ ವಿವೇಕವೇ ಒರೆಗಲ್ಲು.

ಮೊದಲು ನಗೆಗೆ ಕಾರಣವಾಗುವ ತಪ್ಪುಗಳನ್ನು ನೋಡಬಹುದು. ಅಕಾರಹಕಾರಗಳ ವ್ಯತ್ಯಯವು ಇವುಗಳಲ್ಲಿ ಅಗ್ರಗಣ್ಯವಾದುದು. ಹಾಜರಾತಿಯು ಆಜರಾತಿಯಾಗುತ್ತದೆ, ಹಾರ್ದಿಕವು ಆರ್ದಿಕವಾಗುತ್ತದೆ, ಆಸಕ್ತಿಯು ಹಾಸಕ್ತಿಯಾಗುತ್ತದೆ. ಆದರ ಎಂಬ ಶಬ್ದದ ಮೊದಲಿಗೆ ಹಕಾರ ಸೇರಿಕೊಂಡರೆ ಆಗುವ ಅನರ್ಥವನ್ನು ಇಲ್ಲಿ ಬರೆಯದಿರುವುದೇ ಮೇಲು. ಇದಕ್ಕೆ ಕಾರಣವನ್ನು ವಿಚಾರಿಸಿದರೆ ಇದು ಅಜ್ಞಾನದ ಕಥೆಯಲ್ಲ, ಭಾಷೆಯ ಚರಿತ್ರೆಯ ಕಥೆ. ಹಳಗನ್ನಡದ ಪಾಲ್ ನಡುಗನ್ನಡದಲ್ಲಿ ಹಾಲಾಯಿತು, ಪೂ ಹೂವಾಯಿತು, ಪೋಗು ಹೋಗು ಆಯಿತು. ಪಕಾರವು ಹಕಾರವಾಗುವ ಈ ವಿಕಾರವು ಕೇಶಿರಾಜನ ಕಾಲಕ್ಕೆ, ಎಂದರೆ ಹದಿಮೂರನೆಯ ಶತಮಾನದ ನಡುವಿಗೆ, ವ್ಯಾಕರಣದಲ್ಲಿ ಹೇಳಬೇಕಾದಷ್ಟು ರೂಢವಾಗಿತ್ತು. ದಕ್ಷಿಣದ ಎಷ್ಟೋ ಸೀಮೆಗಳ ಆಡುಮಾತಿನಲ್ಲಿ ಆ ಹಕಾರವೂ ಸವೆದು ಆಲು, ಊವು, ಓಗು ಎಂದಾಗಿದೆ. ಪಾಲ್ ಶಬ್ದವು ಹಾಲು ಎಂಬಲ್ಲಿಗೆ ಯಾವ ದಾರಿಯಲ್ಲಿ ಬಂದಿತೋ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟವನನ್ನು ಅಪರಾಧಿಯೆನ್ನುವುದು ಹೇಗೆ?

ಆದರೆ ಮಾತಿಗೂ ಬರಹಕ್ಕೂ ಭೇದವುಂಟು. ಇದನ್ನೂ ಭಾಷ್ಯಕಾರನೇ ಸೊಗಸಾಗಿ ತೋರಿಸಿದ್ದಾನೆ. ಯರ್ವಾಣತರ್ವಾಣರೆಂಬ ಋಷಿಗಳಿದ್ದರು, ಅವರ ಹೆಸರೇ ಅವರ ಅಪಭಾಷೆಯಿಂದ ಬಂದುದು. ಲೋಕವ್ಯವಹಾರದಲ್ಲಿ ಅವರು ಹಾಗೆಯೇ ಮಾತನಾಡುತ್ತಿದ್ದರು. ಯಜ್ಞಕರ್ಮದಲ್ಲಿ ಮಾತ್ರ ಎಂದೂ ಹಾಗೆ ನುಡಿಯಲಿಲ್ಲ. ಆದುದರಿಂದ ಅವರಿಗೆ ದೋಷ ತಟ್ಟಲಿಲ್ಲ. ಹಾಲನ್ನು ಆಲೆನ್ನುವ ಉಪಾಧ್ಯಾಯನು ಬರೆಯುವಾಗ ಹಾಲೆಂದು ಬರೆದರೆ ಸಾಕು. ತನ್ನ ಮಾತಿಗೆ ತಾನು ನಾಚಬೇಕಾಗಿಲ್ಲ. ನಾಚಿಕೆಯೇ ಇನ್ನೊಂದು ತಪ್ಪಿಗೆ ಮೂಲವಾಗುತ್ತದೆಂಬುದಕ್ಕೆ ಹಾಸಕ್ತಿ ಎಂಬ ರೂಪವೇ ಸಾಕ್ಷಿ: ಹಕಾರ ಬಿಟ್ಟುಹೋದೀತೆಂಬ ಭಯದಿಂದ ಇಲ್ಲದ ಕಡೆಯಲ್ಲಿಯೂ ಅದನ್ನು ತಂದು ನಿಲ್ಲಿಸಿದ್ದಾಗಿದೆ.

ಮಹಾಪ್ರಾಣಗಳಲ್ಲಿಯೂ ಈ ಎರಡು ಬಗೆಯ ತಪ್ಪುಗಳು ಕಾಣುತ್ತವೆ. ಪ್ರೌಢಶಾಲೆಯನ್ನು ಪ್ರೌಡಶಾಲೆಯೆಂದೂ ಅಧ್ಯಕ್ಷರನ್ನು ಅದ್ಯಕ್ಷರೆಂದೂ ಬರೆಯುವುದು ಉಚ್ಚಾರಣೆಯ ಫಲ. ಅಚ್ಚಗನ್ನಡದ ಶಬ್ದಗಳಲ್ಲಿ ಮಹಾಪ್ರಾಣವು ಬಹು ವಿರಳವಾದುದರಿಂದ ಕನ್ನಡಿಗನ ನಾಲಗೆ ಅದನ್ನು ಸಹಜವಾಗಿ ಸಡಿಲಿಸುತ್ತದೆ. ವಿದ್ಯಾರ್ಥಿಯನ್ನು ವಿಧ್ಯಾರ್ಥಿಯೆಂದೂ ಸಂಬಂಧವನ್ನು ಸಂಭಂದವೆಂದೂ ಉಚ್ಚಾರಣೆಯನ್ನು ಉಚ್ಛಾರಣೆಯೆಂದೂ ಬರೆಯುವುದು ಭಯದ ಫಲ. ಇವೆರಡನ್ನೂ ಒಂದೇ ಮದ್ದಿನಿಂದ ಗುಣಪಡಿಸುವುದಕ್ಕೆ ಬರುವುದಿಲ್ಲ. ಮೊದಲನೆಯವನಿಗೆ ಎಚ್ಚರಿಕೆ ಹೇಳಬೇಕು, ಎರಡನೆಯವನಿಗೆ ಧೈರ್ಯ ಹೇಳಬೇಕು. ಸಿದ್ಧತೆ, ಪದ್ಧತಿ, ಶ್ರದ್ಧೆ, ಅಭಿವೃದ್ಧಿ ಇವುಗಳಲ್ಲಿ ಯಾವ ಅಕ್ಷರಕ್ಕೆ ಮಹಾಪ್ರಾಣವೆಂಬ ಸಂದೇಹವು ಕಾರಣವನ್ನು ಒಮ್ಮೆ ತಿಳಿದರೆ ನಿವಾರಣೆಯಾಗುತ್ತದೆ. ಸಿಧ್ ಧಾತುವಿಗೆ ತಪ್ರತ್ಯಯ ಹತ್ತಿದಾಗ ಪ್ರತ್ಯಯದ ತಕಾರವು ಧಕಾರವಾಗುತ್ತದೆ. ಆ ಬಳಿಕ ಹಿಂದಿನ ಧಕಾರವು ತನ್ನ ಪ್ರಾಣವನ್ನು ಕಳೆದುಕೊಂಡು ದಕಾರವಾಗಿ ನಿಲ್ಲುತ್ತದೆ. ಎರಡು ಮಹಾಪ್ರಾಣಗಳು ಒಂದರ ತಲೆಯ ಮೇಲೊಂದು ಕುಳಿತುಕೊಳ್ಳುವುದಿಲ್ಲ. ಕೆಳಗಿನ ಒತ್ತಿಗೇ ಪ್ರಾಣ. ಇಷ್ಟನ್ನು ಹೇಳಿಕೊಟ್ಟರೆ ಹತ್ತಾರು ಶಬ್ದಗಳು ಒಟ್ಟಿಗೆ ಸರಿಯಾಗುತ್ತವೆ.

ಶ್ರವಣಕ್ಕೆ ಹತ್ತಿರವಾದ ಬೇರೆ ಶಬ್ದದ ಅರ್ಥವೇ ಬಂದುಬಿಡುವ ಸ್ಥಳಗಳೂ ಇವೆ. ಬೇರೆ ಏನನ್ನು ಓದದಿದ್ದರೂ ವ್ಯಾಕರಣವನ್ನು ಓದೆಂದು ತಂದೆಯು ಮಗನಿಗೆ ಹೇಳುವ ಪ್ರಸಿದ್ಧವಾದ ಸುಭಾಷಿತದಲ್ಲಿ ಸ್ವಜನವು ಶ್ವಜನವಾಗದಿರಲಿ, ಎಂದರೆ ತನ್ನವರು ನಾಯಿಗಳಾಗದಿರಲಿ, ಎಂಬುದೇ ಕಾರಣ. ಮಧ್ಯವಾರ್ಷಿಕ ಪರೀಕ್ಷೆಯು ಮದ್ಯವಾರ್ಷಿಕವಾದರೆ ಮಕ್ಕಳನ್ನು ಯಾವುದರಲ್ಲಿ ಪರೀಕ್ಷಿಸುವರೆಂದು ಕೇಳಬೇಕಾಗುತ್ತದೆ. 2002ರಲ್ಲಿ ಮೊದಲಾದ ಮಧ್ಯಾಹ್ನದ ಬಿಸಿಯೂಟವೂ ಈ ಮದ್ಯದ ಸೋಂಕಿನಿಂದ ತಪ್ಪಿಸಿಕೊಂಡಿಲ್ಲ. ಗೃಹಪಾಠವು ಗ್ರಹಪಾಠವಾದಾಗ ಹುಡುಗನಿಗೆ ಜ್ಯೋತಿಷ್ಯವನ್ನು ಕಲಿಸುತ್ತಿರುವಂತಾಗುತ್ತದೆ. ಆದರೂ ಸತ್ಯವನ್ನು ಹೇಳಬೇಕಾದರೆ, ಇಂಥ ಓಲೆಯನ್ನು ಓದಿ ಮಕ್ಕಳಿಗೆ ಮದ್ಯ ಕೊಡುವರೆಂದು ಹೆದರಿದ ತಾಯಿ ಇರಲಾರಳು. ಪ್ರಕರಣವು ಅರ್ಥವನ್ನು ಕಾಪಾಡುತ್ತದೆ. ವಿದ್ವಾಂಸರ ಮನೆಯ ಲಗ್ನಪತ್ರಿಕೆಗಳಲ್ಲಿಯೂ ಅಪರಾಹ್ನ, ಪೂರ್ವಾಹ್ನ ಎಂದೇ ಅಚ್ಚಾಗುವುದುಂಟು. ರೇಫದ ದೆಸೆಯಿಂದ ಇಲ್ಲಿ ಣಕಾರ ಬಂದು ಅಪರಾಹ್ಣ, ಪೂರ್ವಾಹ್ಣ ಎಂದಾಗಬೇಕು, ಮಧ್ಯಾಹ್ನದಲ್ಲಿ ಮಾತ್ರ ನಕಾರವೇ ಸರಿ. ಹಾಗೆಂದು ಮುಹೂರ್ತವನ್ನು ತಪ್ಪಿಸಿಕೊಂಡ ನೆಂಟರು ಯಾರೂ ಇಲ್ಲ.

ತದ್ಭವಗಳ ವಿಷಯವೂ ಇಲ್ಲಿ ಸ್ಮರಣೀಯವಾದುದು. ಶುಲ್ಕವನ್ನು ಸುಲ್ಕವೆಂದು ಬರೆದರೆ ತಪ್ಪು. ಆದರೆ ಅದೇ ಶುಲ್ಕವು ಪೂರ್ಣವಾಗಿ ಕನ್ನಡದ ಬಾಯಿಗೆ ಒಗ್ಗಿ ಸುಂಕವಾದರೆ ಅದು ಸಾಧುಶಬ್ದ. ಶಕಾರಕ್ಕೆ ಸಕಾರ ಬರುವುದನ್ನು ಕೇಶಿರಾಜನು ಅಪಭ್ರಂಶಪ್ರಕರಣದಲ್ಲಿ ವಿಧಿಸಿಯೇ ಇದ್ದಾನೆ. ಧಾರವಾಡದ ಕಡೆಯ ತಾಯಿಯು ಸಾಲಿ ಎಂದರೆ ಅದರ ಬೆನ್ನಿಗೆ ಶಾಸ್ತ್ರವುಂಟು. ಅರ್ಧ ದಾರಿಯಲ್ಲಿ ನಿಂತುದು ತಪ್ಪಾಗುತ್ತದೆ, ಊರು ಮುಟ್ಟಿದುದು ಹೊಸ ಶಬ್ದವಾಗುತ್ತದೆ.

ಇವುಗಳಲ್ಲದೆ ಕೈಯ ತಪ್ಪುಗಳೆಂದು ಬೇರೊಂದು ವರ್ಗವುಂಟು. ಹಿಂದೆ ಓಲೆಯನ್ನು ಉಪಾಧ್ಯಾಯನು ಕೈಯಾರೆ ಬರೆಯುತ್ತಿದ್ದನು; ಈಗ ಗಣಕಯಂತ್ರದಲ್ಲಿ ಬೆರಳಚ್ಚಾಗುತ್ತದೆ, ಅಥವಾ ದೂರವಾಣಿಯ ಮೂಲಕ ಸಂದೇಶವಾಗಿ ಬರುತ್ತದೆ. 2020ರಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಈ ಎರಡನೆಯ ಕ್ರಮವು ಹಳ್ಳಿಗಳಿಗೂ ಹರಡಿತು. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆಯಲ್ಲಿ ದಕಾರಧಕಾರಗಳಿಗೆ ಒಂದೇ ಕೀಲಿ, ಲಕಾರಳಕಾರಗಳಿಗೆ ಒಂದೇ ಕೀಲಿ, ನಕಾರಣಕಾರಗಳಿಗೂ ಒಂದೇ. ಇನ್ನೊಂದು ಬೆರಳಿನಿಂದ ಬೇರೆ ಕೀಲಿಯನ್ನು ಒತ್ತಿಹಿಡಿದರೆ ಒಂದು, ಹಿಡಿಯದಿದ್ದರೆ ಇನ್ನೊಂದು. ಆ ಎರಡನೆಯ ಬೆರಳು ಒಂದು ಕ್ಷಣ ತಡವಾದರೆ ಹಳ್ಳಿಯು ಹಲ್ಲಿಯಾಗುತ್ತದೆ. ಹಳೆಯ ಅಕ್ಷರಸಂಕೇತದಲ್ಲಿ ಬರೆದುದನ್ನು ಯೂನಿಕೋಡ್ ಸಂಕೇತಕ್ಕೆ ತಿರುಗಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ತಮ್ಮ ಸ್ಥಾನವನ್ನು ಬಿಟ್ಟು ನೆರೆಯ ಅಕ್ಷರಕ್ಕೆ ಅಂಟಿಕೊಳ್ಳುವುದುಂಟು. ಓಲೆಗರಿಯ ಪ್ರತಿಗಳಲ್ಲಿ ಲೇಖಕಪ್ರಮಾದವೆಂದು ಸಂಪಾದಕರು ಗುರುತಿಸುವ ತಪ್ಪುಗಳ ಕುಲಕ್ಕೇ ಇವು ಸೇರಿದುವು. ಗ್ರಂಥಸಂಪಾದನೆಯಲ್ಲಿ ಲಿಪಿಕಾರನ ತಪ್ಪನ್ನು ಕವಿಯ ಮೇಲೆ ಹೊರಿಸುವುದಿಲ್ಲ. ಉಪಾಧ್ಯಾಯನಿಗೂ ಆ ನ್ಯಾಯವು ಸಲ್ಲಬೇಕು.

ಇಲ್ಲಿಯವರೆಗೆ ಹೇಳಿದುವೆಲ್ಲ ಕಣ್ಣಿಗೆ ಬೀಳುವ ದೋಷಗಳು. ಕಣ್ಣಿಗೆ ಬೀಳದೆ ಮನೆಯನ್ನು ಕದಡುವ ದೋಷಗಳು ಬೇರೆ ಇವೆ. ಅವನ್ನು ಕುರಿತು ನಗುವವರೂ ಇಲ್ಲ, ಬರೆಯುವವರೂ ವಿರಳ.

ಶುಲ್ಕವನ್ನು ಕಟ್ಟಿದ ಮಕ್ಕಳು ಎಂಬ ಮಾತನ್ನೂ ಶುಲ್ಕವನ್ನು ಕಟ್ಟದ ಮಕ್ಕಳು ಎಂಬ ಮಾತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡಕ್ಕೂ ಇರುವ ಅಂತರ ಒಂದು ಗುಡಿಸು. ಕನ್ನಡದ ಕೃದಂತರೂಪಗಳ ರಚನೆಯೇ ಹಾಗಿದೆ: ಭೂತಕೃದಂತವು ಇದ ಎಂದು ಮುಗಿಯುತ್ತದೆ, ನಿಷೇಧಕೃದಂತವು ಅದ ಎಂದು ಮುಗಿಯುತ್ತದೆ, ಹೌದಿಗೂ ಅಲ್ಲಕ್ಕೂ ನಡುವೆ ಒಂದು ಸ್ವರಚಿಹ್ನೆ ಮಾತ್ರ ನಿಂತಿದೆ. ಸಂಸ್ಕೃತದಲ್ಲಿ ನಿಷೇಧವು ಶಬ್ದದ ಮುಂದೆ ನಕಾರವಾಗಿಯೋ ಅಕಾರವಾಗಿಯೋ ಬಂದು ಮೊದಲೇ ಎಚ್ಚರಿಸುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪ್ರಕೃತಿಯ ಒಡಲೊಳಗೆ ಹುದುಗಿರುತ್ತದೆ. ಇದು ಈ ಭಾಷೆಯ ಲಾಘವವೂ ಹೌದು, ಅಪಾಯವೂ ಹೌದು. ಕೆಳಗಿನ ಹೆಸರುಗಳು ಶುಲ್ಕವನ್ನು ಕಟ್ಟಿದ ಮಕ್ಕಳವು ಎಂದು ಬರೆಯಬೇಕಾದ ಕಡೆ ಗುಡಿಸು ಜಾರಿತೆಂದರೆ, ಹಣವನ್ನು ಹೊಂದಿಸಿ ಕಟ್ಟಿದ ಮನೆಯವರು ಊರೆಲ್ಲರ ಮುಂದೆ ಬಾಕಿದಾರರಾಗುತ್ತಾರೆ. ಇದಕ್ಕೆ ಪ್ರಕರಣದ ಆಶ್ರಯವೂ ಇಲ್ಲ. ಎರಡು ಅರ್ಥಗಳೂ ಆ ಸ್ಥಳಕ್ಕೆ ಸಮನಾಗಿ ಹೊಂದುತ್ತವೆ. ಇಂಥದೇ ಇನ್ನೊಂದು, ಬರದಿದ್ದರೆ ಮತ್ತು ಬರೆದಿದ್ದರೆ ಎಂಬ ಜೋಡಿ. ಅರ್ಜಿಯಲ್ಲಿ ಮಗುವಿನ ಹೆಸರು ಬರದಿದ್ದರೆ ಕಚೇರಿಗೆ ತಿಳಿಸಬೇಕು ಎಂಬ ವಾಕ್ಯದಲ್ಲಿ ಒಂದು ಎಕಾರ ಸೇರಿದರೆ ತಿಳಿಸಬೇಕಾದವರು ಸುಮ್ಮನಾಗುತ್ತಾರೆ, ಸುಮ್ಮನಿರಬೇಕಾದವರು ಕಚೇರಿಗೆ ನಡೆಯುತ್ತಾರೆ.

ಯಂತ್ರದಲ್ಲಿರುವ ಕಾಗುಣಿತಪರೀಕ್ಷಕವೂ ಇಲ್ಲಿ ನಿರುಪಯೋಗಿ. ಕಟ್ಟಿದ, ಕಟ್ಟದ ಎರಡೂ ಸಾಧುರೂಪಗಳಾದುದರಿಂದ ಅದು ಎರಡನ್ನೂ ಒಪ್ಪಿಕೊಳ್ಳುತ್ತದೆ. ಪಂಡಿತರ ಶುದ್ಧಾಶುದ್ಧಪಟ್ಟಿಗಳಲ್ಲಿಯೂ ಇದಕ್ಕೆ ಸ್ಥಾನವಿಲ್ಲ. ವೃತ್ರನ ಕಥೆಯಲ್ಲಿಯೂ ಹೀಗೆಯೇ ಆಯಿತು: ತ್ವಷ್ಟೃವು ಉಚ್ಚರಿಸಿದ ಇಂದ್ರಶತ್ರುಶಬ್ದದಲ್ಲಿ ಅಕ್ಷರವೊಂದೂ ತಪ್ಪಿರಲಿಲ್ಲ, ಸ್ವರಮಾತ್ರ ತಪ್ಪಿ, ಇಂದ್ರನನ್ನು ಕೊಲ್ಲತಕ್ಕವನು ಇಂದ್ರನಿಂದ ಕೊಲ್ಲಲ್ಪಡತಕ್ಕವನಾದನು. ನಿಷೇಧವು ಮುಖ್ಯವಾದ ಸ್ಥಳದಲ್ಲಿ ಶುಲ್ಕವನ್ನು ಇನ್ನೂ ಕಟ್ಟಿಲ್ಲದ ಎಂದೋ, ಇವರು ಕಟ್ಟಿಲ್ಲ ಎಂದು ಬೇರೆ ವಾಕ್ಯವಾಗಿಯೋ ಬರೆದರೆ ಒಂದು ಗುಡಿಸಿನ ಮೇಲೆ ಒಂದು ಮನೆಯ ಮಾನವನ್ನು ತೂಗುಹಾಕಬೇಕಾಗಿಲ್ಲ.

ಸರ್ವನಾಮಗಳು ಹುಟ್ಟಿಸುವ ಸಂದೇಹವು ಇನ್ನೊಂದು ಬಗೆ. ತಮ್ಮ ಎಂಬುದು ಆತ್ಮಾರ್ಥಕ ಸರ್ವನಾಮ. ಅದೇ ಗೌರವದ ಮಧ್ಯಮಪುರುಷವೂ ಹೌದು. ಅನುಜನೆಂಬ ಅರ್ಥವಂತೂ ಇದ್ದೇ ಇದೆ. ಶನಿವಾರ ತರಗತಿಯ ಉಪಾಧ್ಯಾಯರು ತಮ್ಮ ಮಗುವಿನ ಕಲಿಕೆಯನ್ನು ಕುರಿತು ಮಾತನಾಡುವರು ಎಂದು ಬರೆದರೆ, ವ್ಯಾಕರಣದ ಪ್ರಕಾರ ಅದಕ್ಕೆ ಮೊದಲು ಸಲ್ಲುವ ಅರ್ಥ ಉಪಾಧ್ಯಾಯರ ಸ್ವಂತ ಮಗುವೆಂದೇ. ನಿಮ್ಮ ಎಂದು ಬರೆದರೆ ಗೌರವಕ್ಕೆ ಕುಂದೆಂಬ ಶಂಕೆಯಿಂದ ಈ ತಮ್ಮ ಎಂಬುದನ್ನು ತಂದು ತೊಡಕು ಮಾಡುವುದುಂಟು. ಕನ್ನಡದಲ್ಲಿ ನಿಮ್ಮ ಎಂಬುದೇ ಬಹುವಚನದಿಂದ ಗೌರವವನ್ನು ಸೂಚಿಸುತ್ತದೆ. ಅದರ ಮೇಲೆ ಇನ್ನೊಂದು ಗೌರವ ಏತಕ್ಕೆ?

ಅನ್ವಯದ ಸಂದೇಹಕ್ಕೆ ಒಂದು ಉದಾಹರಣೆ: ಸೋಮವಾರ ಶಾಲೆಗೆ ಬಾರದ ಮಕ್ಕಳ ಪೋಷಕರು ಮುಖ್ಯೋಪಾಧ್ಯಾಯರನ್ನು ಕಾಣಬೇಕು. ಸೋಮವಾರವು ಬಾರದಿದ್ದ ದಿನವೆ, ಕಾಣಬೇಕಾದ ದಿನವೆ? ಸ್ಥೂಲಪೃಷತಿಯ ಸ್ಥೂಲತ್ವವು ಹಸುವಿಗೋ ಚುಕ್ಕೆಗೋ ಎಂಬ ಪ್ರಶ್ನೆಗೂ ಇದಕ್ಕೂ ಭೇದವೇ ಇಲ್ಲ. ಅಲ್ಲಿ ಸ್ವರವು ಸಹಾಯಕ್ಕೆ ಬರುತ್ತದೆ, ಕಾಗದದಲ್ಲಿ ಸ್ವರವಿಲ್ಲ. ಕೂಲಿಯ ಒಂದು ದಿನವನ್ನು ಬಿಟ್ಟು ಬರಬೇಕಾದವನಿಗೆ ಇದು ಅರ್ಥಶಾಸ್ತ್ರದ ಪ್ರಶ್ನೆಯೂ ಆಗುತ್ತದೆ. ಸೋಮವಾರ ಬಾರದಿದ್ದ ಮಕ್ಕಳ ಪೋಷಕರು ಮಂಗಳವಾರ ಹತ್ತು ಗಂಟೆಗೆ ಬರಬೇಕೆಂದು ಎರಡು ದಿನಗಳನ್ನೂ ಹೇಳಿದರೆ ಮುಗಿಯಿತು.

ಭಾಷಾಂತರದಿಂದ ಬಂದ ದೋಷಗಳು ಹೊಸವು. ಇಂಗ್ಲಿಷಿನಲ್ಲಿ ಮೊದಲು ಬರೆದು, ಯಂತ್ರದಿಂದ ಕನ್ನಡಕ್ಕೆ ತಿರುಗಿಸಿ, ಯಾರೂ ಓದಿನೋಡದೆ ಕಳುಹಿಸುವ ವಾಡಿಕೆ ಕೆಲವೆಡೆ ಹಬ್ಬಿದೆ. ಇಂಗ್ಲಿಷಿನ ಶಾಲಾಪತ್ರಗಳಲ್ಲಿ ಪಾಲನೆಯಲ್ಲಿರುವ ಮಗುವಿಗೆ ವಾರ್ಡ್ ಎನ್ನುವರು. ಆಸ್ಪತ್ರೆಯ ವಿಭಾಗಕ್ಕೂ ಪುರಸಭೆಯ ವಿಭಾಗಕ್ಕೂ ಅದೇ ಶಬ್ದ. ನಿಮ್ಮ ವಾರ್ಡ್ ಅನ್ನು ಸಮಯಕ್ಕೆ ಸರಿಯಾಗಿ ಕಳುಹಿಸಿ ಎಂಬ ವಾಕ್ಯವನ್ನು ಓದಿದ ತಂದೆಯು ಪುರಸಭೆಯ ಯಾವ ವಿಭಾಗವನ್ನು ಹೊತ್ತುಕೊಂಡು ಹೋಗಬೇಕು? ವಿಭಕ್ತಿಪ್ರತ್ಯಯವನ್ನು ಪ್ರಕೃತಿಯಿಂದ ಬಿಡಿಸಿ ಅನ್ನು, ಇಂದ, ಅಲ್ಲಿ ಎಂದು ಬೇರೆ ಪದಗಳಂತೆ ಬರೆಯುವ ಚಾಳಿಯೂ ಈ ಮೂಲದಿಂದ ಹೆಚ್ಚುತ್ತಿದೆ. ಮಕ್ಕಳು ಉಪಾಧ್ಯಾಯರಿಂದ ಕರೆದೊಯ್ಯಲ್ಪಡುವರು ಎಂಬ ಕರ್ಮಣಿಪ್ರಯೋಗವನ್ನು ತಪ್ಪೆಂದು ಹೇಳುವುದಕ್ಕೆ ಬಾರದು. ಆದರೆ ಕನ್ನಡದ ಸಹಜವಾದ ನಡೆ ಕರ್ತರಿ. ಯಾರು ಕರೆದೊಯ್ಯುವರೆಂಬುದು ತಾಯಿಗೆ ಎ‌ಲ್ಲಕ್ಕಿಂತ ಮುಖ್ಯವಾದ ಸಂಗತಿಯಾದುದರಿಂದ ಕರ್ತೃವೇ ವಾಕ್ಯದ ಮೊದಲಿಗೆ ನಿಲ್ಲುವುದು ನ್ಯಾಯ.

ಕಚೇರಿಯ ನಿರೂಪಗಳಿಂದ ಬಂದ ತಕ್ಕದ್ದು ಎಂಬ ಪ್ರಯೋಗದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹಾಜರಾಗತಕ್ಕದ್ದು, ಪಾವತಿಸತಕ್ಕದ್ದು, ತಪ್ಪಿದಲ್ಲಿ ಶಾಲೆಯು ಜವಾಬ್ದಾರಿಯಾಗಿರುವುದಿಲ್ಲ ಎಂಬ ಒಕ್ಕಣೆಯು ವ್ಯಾಕರಣಕ್ಕೆ ವಿರುದ್ಧವಲ್ಲ. ಅಮಲ್ದಾರನು ರೈತನಿಗೆ ಬರೆದಂತಿದೆ, ಅಷ್ಟೆ.

ಪೋಷಕರುಗಳು, ಸದಸ್ಯರುಗಳು ಎಂಬ ಎರಡು ಬಹುವಚನಗಳ ರೂಪವನ್ನು ಹಲವರು ಉಗ್ರವಾಗಿ ಖಂಡಿಸುತ್ತಾರೆ. ಹಳಗನ್ನಡದಲ್ಲಿ ಅವರ್ಗಳ್ ಎಂಬಂತೆ ಅರ್ ಪ್ರತ್ಯಯದ ಮೇಲೆ ಗಳ್ ಪ್ರತ್ಯಯವೂ ಸೇರಿ ಬರುವುದರಿಂದ ಈ ಖಂಡನೆಗೆ ಬಲ ಸಾಲದು. ಪೋಷಕರು ಎಂದರೆ ಸಾಕೆಂಬುದು ನಿಜ. ಆದರೆ ಪೋಷಕರುಗಳನ್ನು ಕಂಡು ಯಾವ ಪೋಷಕನೂ ದಾರಿ ತಪ್ಪಲಾರನು. ತಿದ್ದುವವನ ಶಕ್ತಿಯೂ ಮಿತವಾದುದು. ಅದನ್ನು ಇಲ್ಲಿ ವ್ಯಯಮಾಡಿ ಕಟ್ಟದ ಎಂಬುದರ ಗುಡಿಸನ್ನು ನೋಡದೆ ಬಿಡುವುದು ವಿವೇಕವಲ್ಲ.

ಪಂಡಿತರೇ ಓಲೆಯನ್ನು ಬರೆದುಕೊಟ್ಟರೆ ಎಲ್ಲವೂ ಸರಿಹೋದೀತೆಂಬ ನಂಬಿಕೆಯೂ ಪೂರ್ಣವಾಗಿ ನಿಲ್ಲುವುದಿಲ್ಲ. ಪಾಠಶಾಲೆಯಲ್ಲಿ ಪಳಗಿದ ಕೈಯಿಂದ ಶಾಲಾಪ್ರಾರಂಭೋತ್ಸವಪೂರ್ವಸಿದ್ಧತಾಸಭೆ ಎಂಬ ಸಮಾಸ ಬರುವ ಸಂಭವವುಂಟು. ಅದರಲ್ಲಿ ಸಂಧಿದೋಷವಿಲ್ಲ, ಅರಿಸಮಾಸವಿಲ್ಲ, ಮಹಾಪ್ರಾಣವೂ ತನ್ನ ಸ್ಥಾನದಲ್ಲಿಯೇ ಇದೆ. ಆದರೆ ಅಕ್ಷರಗಳನ್ನು ಕೂಡಿಸಿ ಓದುವ ತಾಯಿಯು ಆ ಶಬ್ದದ ಕೊನೆಯನ್ನು ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತಿರುತ್ತಾಳೆ. ಶಾಲೆ ತೆರೆಯುವ ಹಬ್ಬಕ್ಕೆ ಅಣಿಮಾಡಲು ಸಭೆ ಎಂದರೆ ಶಬ್ದಗಳು ಹೆಚ್ಚಾದುವು, ಸಂದೇಹವು ಇಲ್ಲವಾಯಿತು. ಲಾಘವವೂ ಅಸಂದೇಹವೂ ಪರಸ್ಪರ ವಿರೋಧಿಸಿದ ಕಡೆ ಓಲೆಯ ಮಟ್ಟಿಗೆ ಅಸಂದೇಹಕ್ಕೇ ಪ್ರಾಬಲ್ಯ.

ಹಾಗಾದರೆ ಮಾಡಬೇಕಾದುದೇನು? ಕೇಶಿರಾಜನ ಕಾಲದಲ್ಲಿ ೞಕಾರದ ಉಚ್ಚಾರಣೆಯು ಜನರ ಬಾಯಿಂದ ಜಾರಿಹೋಗಿ ಳಕಾರರಕಾರಗಳೊಡನೆ ಬೆರೆಯುತ್ತಿತ್ತು. ಅವನು ಬರೆಯುವವರನ್ನು ಹಳಿಯುತ್ತ ಕುಳಿತುಕೊಳ್ಳಲಿಲ್ಲ. ಯಾವ ಯಾವ ಶಬ್ದಗಳಲ್ಲಿ ೞಕಾರವಿದೆಯೆಂದು ಪಟ್ಟಿಮಾಡಿ ಕೊಟ್ಟನು. ಶಾಲೆಯ ಓಲೆಗಳಲ್ಲಿ ಮತ್ತೆ ಮತ್ತೆ ಬರುವ ಶಬ್ದಗಳು ಬಹಳವಾಗಿಲ್ಲ. ಒಂದು ಹಾಳೆಯ ಎರಡು ಮಗ್ಗುಲಿಗೆ ಅವು ಹಿಡಿಸುತ್ತವೆ. ಅಂಥ ಹಾಳೆಯೊಂದು ಬೆರಳಚ್ಚಿನವನ ಎದುರಿಗೆ ತೂಗುತ್ತಿದ್ದರೆ ವಿಧ್ಯಾರ್ಥಿಗಳೂ ಪ್ರೌಡಶಾಲೆಗಳೂ ತಾವಾಗಿಯೇ ಕಡಮೆಯಾಗುತ್ತವೆ. ಸಂದೇಹದ ನಿವಾರಣೆಗೆ ಮಾತ್ರ ಪಟ್ಟಿ ಸಾಲದು. ಅದಕ್ಕೆ ಇರುವ ಉಪಾಯ ಹಳೆಯದು: ಬರೆದುದನ್ನು ಕಳುಹಿಸುವ ಮೊದಲು, ಅದನ್ನು ಬರೆಯದ ಇನ್ನೊಬ್ಬರು ಗಟ್ಟಿಯಾಗಿ ಓದುವುದು. ಮೇಲಿನ ತರಗತಿಯ ಹುಡುಗಿಯೊಬ್ಬಳು ಓದಿದರೂ ಆಗಬಹುದು; ಅವಳು ಎಡವಿದ ಸ್ಥಳದಲ್ಲಿ ಮನೆಯವರೂ ಎಡವುತ್ತಾರೆ. ಕನ್ನಡದ ಪಾಠಕ್ಕೂ ಇದರಿಂದ ನಷ್ಟವಿಲ್ಲ. ನಿಷೇಧಕೃದಂತವನ್ನು ಕಲಿಸುವುದಕ್ಕೆ ಕಾವ್ಯಗಳಿಂದ ಹೆಕ್ಕಿ ತಂದ ಉದಾಹರಣೆಗಿಂತ ಕಟ್ಟಿದ, ಕಟ್ಟದ ಎಂಬ ಜೋಡಿಯು ಆ ವಯಸ್ಸಿನವರ ಮನಸ್ಸಿಗೆ ಬೇಗ ಹತ್ತುತ್ತದೆ.

ಓಲೆಯ ಮೊದಲ ಪದದ ವಿಷಯವೊಂದು ಉಳಿಯಿತು. ಯಾರನ್ನು ಕುರಿತು ಬರೆಯುವುದೋ ಅವರಿಗೆ ಕನ್ನಡದಲ್ಲಿ ಹೆಸರು ಒಂದಲ್ಲ. ಹಳೆಯ ಮೈಸೂರಿನ ಸೀಮೆಯಲ್ಲಿ ಪೋಷಕರು ಎನ್ನುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಪಾಲಕರು ಎಂಬುದು ಹೆಚ್ಚು ರೂಢ. ಕರಾವಳಿಯಲ್ಲಿ ರಕ್ಷಕ ಶಿಕ್ಷಕ ಸಂಘ ಎಂಬ ಹೆಸರಿನಲ್ಲಿ ರಕ್ಷಕಶಬ್ದವು ನಿಂತಿದೆ. ಪುಷ್, ಪಾಲ್, ರಕ್ಷ್ ಎಂಬ ಮೂರು ಧಾತುಗಳೂ ಸಂಸ್ಕೃತದವು. ಅರ್ಥಗಳು ಹತ್ತಿರದವಾದರೂ ಒಂದೇ ಅಲ್ಲ. ಹೆತ್ತವರು ಎಂಬ ಅಚ್ಚಗನ್ನಡವು ಕಿವಿಗೆ ಇಂಪಾಗಿದೆ, ಓದುವುದಕ್ಕೂ ಸುಲಭ. ಆದರೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುವ ಮಗುವಿನ ಕೈಗೆ ಹೆತ್ತವರಿಗೆ ಎಂದು ಬರೆದ ಓಲೆಯನ್ನು ಕೊಡುವುದು ಕಷ್ಟ. ಸಾಕುವವಳಾದ ಆ ಅಜ್ಜಿಗೆ ಪೋಷಕಶಬ್ದವು ಅಕ್ಷರಶಃ ಸಲ್ಲುತ್ತದೆ. ಅದರಲ್ಲಿ ಷಕಾರವು ಶಕಾರವಾದರೂ ಅವಳು ಅದನ್ನು ತನಗೆ ಬಂದುದೆಂದೇ ಓದಿಸಿಕೊಳ್ಳುತ್ತಾಳೆ.